ಗೋದಲಿಯಲ್ಲಿ ನನ್ನ ಕೃಷ್ಣ

ಆಂಟಾಪ್ ಹಿಲ್
ಡಿಸೆಂಬರ್ ೨೯

ಬೀಗಿತ್ತಿ ಫ್ಲೋರಿನ್ ಬಾಯಿಯವರಿಗೆ ಜಯಶೀಲಾ ಮಾಡುವ ನಮಸ್ಕಾರ.

ಫೋನಿನಲ್ಲಾದರೆ ನನ್ನ ದನಿ ಏರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನೀವು ಕಳಿಸಿದ ಕ್ರಿಸ್‌ಮಸ್ ತಿಂಡಿ ಸೇರಿತು. ನಿಮ್ಮ ನೆವ್ರಿಯನ್ನು ನಮ್ಮವರು ಬಾಯ್ತುಂಬ ಹೊಗಳಿದರು. ನಾನು ಮಾಡುವ ಕರ್ಜಿಕಾಯಿಯೂ ಅದೇ ಅಲ್ಲವೇ?

ನಿನ್ನೆ ನಿಮ್ಮ ಮನೆಯಿಂದ ಅರ್ಧ ದಿನಕ್ಕೆಂದು ಬಂದ ನಮ್ಮ ಮೊಮ್ಮಗಳು ತಾರಾಗೆ ಕಂಸನ ಕಥೆ ಶುರು ಮಾಡಿದೆ. ಕೆಟ್ಟ ರಾಜ ಕೂಸುಗಳನ್ನು ಕೊಲ್ಲಿಸಿದ ಅನ್ನುವಷ್ಟರಲ್ಲಿ, "ಮಾಲೂಮ್ ಹೈ ಅಜ್ಜಿ, ಅವನು ಹೆರೋದ. ಮಲಾಡ್ ಮಾಯ್ ಹೇಳಿದಾರೆ" ಅಂತ ನಿಮ್ಮ ಹೆಸರೆತ್ತಿದಳು. ಪ್ರಳಯದ ದೋಣಿ ತೆಗೆದರೆ ಅದೂ ನೋಹನದಂತೆ. ನಮ್ಮದೇ ಹಳೆಯದು ಕಣೇ ಅಂದೆ. "ಹಾಗಾದ್ರೆ ಮಾಯ್ ಕಾಪಿ ಮಾಡಿದ್ರಾ?" ಅಂದಳು. ನಾನು ಹೌದೆನ್ನಲಿಲ್ಲ. ಅಲ್ಲ ಎನ್ನಲೂ ಇಲ್ಲ.

ನನ್ನ ದಸರಾ ಗೊಂಬೆಗಳಲ್ಲಿ ವಸುದೇವನ ಬುಟ್ಟಿ ಖಾಲಿಯಾಗಿದ್ದು ಹೇಗೆಂದು ಅವಳೇ ಹೇಳಿದಳು. ನಿಮ್ಮಲ್ಲಿ ಕ್ರಿಸ್‌ಮಸ್ ರಾತ್ರಿಯವರೆಗೂ ಗೋದಲಿಯ ಹುಲ್ಲಿನ ಮೇಲೆ ಕೂಸು ಯೇಸುವನ್ನು ಇಡುವುದಿಲ್ಲವಂತಲ್ಲ. ಹುಲ್ಲು ಬರಿದಾಗಿದೆಯೆಂದು ಇವಳು ನನ್ನ ಕೃಷ್ಣನನ್ನು ಒಯ್ದು ಮಲಗಿಸಿದ್ದಾಳೆ. ನೀವು ಬೈಯಲಿಲ್ಲವಂತೆ. ಆ ರಾತ್ರಿ ಯೇಸುವನ್ನು ಅವನ ಪಕ್ಕದಲ್ಲೇ ಮಲಗಿಸಿದಿರಂತೆ. ತೆಗೆದು ಬಿಸಾಡಿದ್ದರೆ ನನಗೆ ಜಗಳವಾಡುವುದಕ್ಕಾದರೂ ಆಗುತ್ತಿತ್ತು.

ನೀವಿನ್ನೂ ಹೇಳದ ಕಥೆ ಒಂದಾದರೂ ಉಳಿದಿದ್ದರೆ ನನಗೆ ಬಿಡಿ.

ಗೋದಲಿ ತೆಗೆದ ಮೇಲೆ ಕೃಷ್ಣನನ್ನು ಕಳಿಸಿ. ಕೊರಿಯರ್ ಬೇಡ, ಮಣ್ಣಿನ ಗೊಂಬೆ, ಒಡೆದೀತು. ತಾರಾಳ ಕೈಯಲ್ಲೇ ಕೊಡಿ. ಜೊತೆಗೆ ಅವಳ ಒಂದು ವಾರದ ಬಟ್ಟೆಯೂ ಇರಲಿ.

ಇತಿ,
ಆಂಟಾಪ್ ಹಿಲ್ ಅಜ್ಜಿ