ಭಾವನ ಬೆನ್ನ ಹಿಂದೆ

ಮಾರ್ಚ್ 4, ಬೆಳಿಗ್ಗೆ 7
ಪೈಪುಗಳನ್ನು ಒಣಗಿಸಿ ಸುತ್ತಿಟ್ಟೆ. ವಾಲ್ವ್ ಚೆಕ್ ಆಯಿತು. ಭಾವ— ಅಕ್ಕನ ಗಂಡ, ನಮ್ಮ ಫೈರ್ ಸ್ಟೇಷನ್ನಿನಲ್ಲಿ ಪೈಪಿನ ಮೂತಿ ಹಿಡಿಯುವವರು— ಎಂದಿನಂತೆ ಪಾಠ ಶುರು ಮಾಡಿದರು. "ನೀರು ಎಷ್ಟು ಜೋರಾಗಿ ಮುಂದಕ್ಕೆ ಹೋಗುತ್ತೋ ಅಷ್ಟೇ ಜೋರಾಗಿ ನಮ್ಮನ್ನ ಹಿಂದಕ್ಕೆ ತಳ್ಳುತ್ತೆ. ಹಿಂದಿನವನು ಹೆಗಲು ಕೊಡ್ಬೇಕು. ಬಿಟ್ಟು ಹೋಗೋದಾದ್ರೆ ಬೆನ್ನಿಗೆ ಎರಡು ಸಲ ತಟ್ಟಿ ಹೋಗಿ. ಮುಂದಿನವನು ತಕ್ಷಣ ಮೂತಿಯ ವಾಲ್ವ್ ಮುಚ್ತಾನೆ." ನನ್ನತ್ತ ನೋಡಿ, "ನಂಗೆ ಹಿಂದೆ ಇವನೇ ಬೇಕು. ಮನೇಲಿಟ್ಟು ಅನ್ನ ಹಾಕ್ತಿರೋದು ಮತ್ಯಾಕೆ?"

ಮಾರ್ಚ್ 9
ಬರೆಯಲು ಕೈ ಏಳುತ್ತಿಲ್ಲ. ಆರನೇ ತಾರೀಕು ಬಣ್ಣದ ಗೋದಾಮಿಗೆ ಬೆಂಕಿ. ತಗಡಿನ ಚಾವಣಿ ಮೇಲೆ ಭಾವ, ಹಿಂದೆ ನಾನು. "ಪ್ರೆಷರ್ ಸಾಲ್ದು" ಅಂದರು. ಆ ಗದ್ದಲದಲ್ಲಿ ಕೂಗಿದರೆ ಕೇಳದು. ಕೆಳಗಿದ್ದ ಪಂಪ್ ಆಪರೇಟರ್‌ಗೆ ಕೈಸನ್ನೆ ಮಾಡಲು ಅಂಚಿಗೆ ಹೋದೆ. ಮೂರೇ ಹೆಜ್ಜೆ. ತಟ್ಟಲಿಲ್ಲ.
ಪ್ರೆಷರ್ ಏರಿತು. ತಿರುಗಿದೆ... ಭಾವ ಇರಲಿಲ್ಲ.
ಚಾವಣಿಯಿಂದ ಕೆಳಗೆ ಬಿದ್ದು ಸೊಂಟದ ಮೂಳೆ ಮುರಿದಿದೆ.

ಮಾರ್ಚ್ 10
ವಿಚಾರಣಾಧಿಕಾರಿ ಬಂದರು. ಹಾಳೆಯ ಮೇಲೆ ಲೆಕ್ಕ ಹಾಕಿ ತೋರಿಸಿದರು. ಸೆಕೆಂಡಿಗೆ ಎಂಟು ಲೀಟರ್, ಅಂದರೆ ಎಂಟು ಕೆಜಿ ನೀರು. ವೇಗ ಸೆಕೆಂಡಿಗೆ ಮೂವತ್ತು ಮೀಟರ್. ನೀರು ಮುಂದಕ್ಕೆ ಒಯ್ಯುವಷ್ಟೇ ಸಂವೇಗ ಹಿಂದಕ್ಕೂ ಬರುತ್ತದೆ. ಎರಡೂ ಸೇರಿದ ಮೊತ್ತ ಬದಲಾಗದು. ಇಪ್ಪತ್ನಾಲ್ಕು ಕೆಜಿ ಭಾರದಷ್ಟು ನೂಕು, ಬಿಡುವಿಲ್ಲದೆ.
"ಇಬ್ಬರು ಒರಗಿ ನಿಂತ್ರೆ ಅದು ಕಾಲಿಂದ ಕಟ್ಟಡಕ್ಕೆ ಇಳಿದುಹೋಗುತ್ತೆ. ಒದ್ದೆ ತಗಡಿನ ಮೇಲೆ ಒಬ್ಬನೇ ಆದ್ರೆ, ಅವನೇ ಹೋಗ್ತಾನೆ. ನೀವು ಹಿಂದೆ ಇದ್ರಿ ತಾನೆ?"
"ಅವರ ಕಾಲು ಜಾರ್ತು ಸಾರ್."
ಅವರು ಕೇಳಿದ್ದು ಅದನ್ನಲ್ಲ.

ಮಾರ್ಚ್ 13, ಆಸ್ಪತ್ರೆ
ಅಕ್ಕ ನೀರು ತರಲು ಹೋದಾಗ ಭಾವ ಪಿಸುಗುಟ್ಟಿದರು. "ನೀನು ತಟ್ಟಿದ್ದೆ, ನಾನೇ ವಾಲ್ವ್ ಮುಚ್ಲಿಲ್ಲ ಅಂತ ಹೇಳಿಕೆ ಕೊಟ್ಟಿದೀನಿ. ನಿಂದಿನ್ನೂ ಪ್ರೊಬೇಷನ್. ಬಾಯಿ ಮುಚ್ಕೊಂಡಿರು."
ತಪ್ಪು ಅವರದೆಂದಾದರೆ ಗಾಯಕ್ಕೆ ಪರಿಹಾರವಿಲ್ಲ. ಮತ್ತೆ ಪೈಪು ಹಿಡಿಯಲು ಬಿಡುವುದಿಲ್ಲ. ಅವರಿಗೆ ಬೇರೆ ಕೆಲಸವೂ ಬಾರದು.
ಅಕ್ಕ ಬಂದಳು. "ಹದಿನೆಂಟು ವರ್ಷ ನಾನು ತಳ್ಳಿದ್ರೂ ಅಲ್ಲಾಡದ ಮನುಷ್ಯ. ಬರೀ ನೀರಿನ ಹೊಡೆತಕ್ಕೆ ಬಿದ್ರಂತೆ." ಭಾವ ನಕ್ಕರು. ನಾನೂ ನಗಬೇಕಾಯಿತು.

ಮಾರ್ಚ್ 17, 9.40
ಕಚೇರಿ ಹೊರಗಿನ ಬೆಂಚು. ಒಳಗೆ ಭಾವನ ಹೇಳಿಕೆ ಟೈಪ್ ಆಗುತ್ತಿದೆ. ಆಸ್ಪತ್ರೆಗೆ ಒಯ್ದು ಸಹಿ ಹಾಕಿಸಲು ಅಕ್ಕನೇ ಬಂದಿದ್ದಾಳೆ, ಪಕ್ಕದಲ್ಲೇ ಕೂತಿದ್ದಾಳೆ. ಸಹಿ ಬಿದ್ದರೆ ಮುಗಿಯಿತು. ಎರಡು ಸಲ ಬಾಯಿ ತೆರೆದೆ. ಮತ್ತೆ ಇದನ್ನೇ ಬರೆಯುತ್ತಿದ್ದೇನೆ.
"ಏನೋ ಅದು, ಅಷ್ಟೊತ್ತಿಂದ ಗೀಚ್ತಿದೀಯ?"
"ಓದ್ತೀಯಾ?"
ಕೈ ಚಾಚಿದ್ದಾಳೆ. ಅಕ್ಕ, ಈ ಪುಟ ಅಲ್ಲ. ಮೊದಲು ಒಂಬತ್ತನೇ ತಾರೀಕಿನ—