ಚಿಕ್ಕಪ್ಪನ ಹಸಿರು ತಂತಿ

ರಿಚ್ಚಿ ಸ್ಟ್ರೀಟ್, ಚೆನ್ನೈ
ಆಗಸ್ಟ್ ೧೪

ಪ್ರೀತಿಯ ಚಿಕ್ಕಪ್ಪಾ,

ಹೇಗಿದ್ದೀಯ? ಶಾರ್ಜಾದ ಬಿಸಿಲಿಗೆ ನಿನಗೆ ಮೂಗಲ್ಲಿ ರಕ್ತ ಬರುತ್ತದಂತೆ, ತಿರುನೆಲ್ವೇಲಿಯಲ್ಲಿ ಅಜ್ಜಿ ಅಳುತ್ತಾಳೆ. ಮಜ್ಜಿಗೆ ಕುಡಿ. ಕ್ಷೇಮ ಕೇಳಿದ್ದಾಯಿತು, ಇನ್ನು ಬೈಗುಳ ಕೇಳು. ನನ್ನ ಎರಡು ಬೆರಳು ಸುಟ್ಟಿವೆ, ಅದಕ್ಕೇ ಫೋನಿಗೆ ಬಾಯಲ್ಲಿ ಹೇಳಿ ಬರೆಸುತ್ತಿದ್ದೇನೆ.

ನೀನು ಬಿಟ್ಟುಹೋದ ಜಬ್ಬಾರ್ ಭಾಯ್ ಅಂಗಡಿಯ ರಿಪೇರಿ ಬೆಂಚು ನನಗೆ ಸಿಗಲು ಎರಡು ವರ್ಷ ಹಿಡಿಯಿತು. ಅಲ್ಲಿರುವ ಹಳೇ ಸಿಗ್ನಲ್ ಜನರೇಟರ್, ರೇಡಿಯೊ ಪರೀಕ್ಷಿಸುವ ಆ ವಾಲ್ವಿನ ಪೆಟ್ಟಿಗೆ, ಬಿಸಿಯಾದಂತೆ ಅದರ ಫ್ರೀಕ್ವೆನ್ಸಿ ಒಂದೆಡೆ ನಿಲ್ಲದೆ ಜಾರುತ್ತದಲ್ಲ? ಅದನ್ನು ಹಿಡಿದು ನಿಲ್ಲಿಸಲು ನಾನೇ ಒಂದು ಸಣ್ಣ ಸರ್ಕ್ಯೂಟ್ ಕಟ್ಟಿದೆ. ಹಾಸ್ಟೆಲಿನ ಹುಡುಗಿಯರೆಲ್ಲ ಮರೀನಾ ಬೀಚಿಗೆ ಹೋದ ಭಾನುವಾರಗಳೆಲ್ಲ ಅದಕ್ಕೇ ಹೋದವು. ಮುಚ್ಚಳ ಬಿಚ್ಚಿದರೆ ಒಳಗೆ ನೀನು ಹಿಂದೆ ಸೇರಿಸಿದ ಬೋರ್ಡು. ನಮ್ಮ ಬೀದಿಯಲ್ಲಿ ಯಾರೇ ಯಂತ್ರದೊಳಗೆ ಏನು ಸೇರಿಸಿದರೂ ನಕ್ಷೆ ಬರೆದು ಮುಚ್ಚಳದ ಒಳಗೆ ಅಂಟಿಸಬೇಕು. "ಅಂಟಿಸ್ದೇ ಇರೋನು ಮುಂದೆ ಕೈಯಿಡೋನಿಗೆ ಶತ್ರು ಕಣೇ" ಎಂದು ಹೇಳಿಕೊಟ್ಟವನು ನೀನೇ. ನಿನ್ನ ನಕ್ಷೆ ಮಾತ್ರ ಇಲ್ಲ! ಅದರ ಹಸಿರು ತಂತಿ ಅಂದರೆ ನೆಲಕ್ಕೆ ಹೋಗುವ ಅರ್ತ್ ತಂತಿ ಎಂದು ನನ್ನ ಸರ್ಕ್ಯೂಟನ್ನು ಅದಕ್ಕೆ ಬೆಸೆದೆ. ಅಳೆಯಲಿಲ್ಲ, ಅದು ನನ್ನ ತಪ್ಪು. ಚಿಕ್ಕಪ್ಪನ ಕೆಲಸವನ್ನೂ ಅಳೆದು ನೋಡಬೇಕೇ ಅನ್ನಿಸಿತು. ಅದರಲ್ಲಿದ್ದದ್ದು ಇನ್ನೂರೈವತ್ತು ವೋಲ್ಟ್. ಸ್ವಿಚ್ ಹಾಕಿದೊಡನೆ ನನ್ನದು, ನಿನ್ನದು, ಎರಡೂ ಬೋರ್ಡು ಹೊಗೆ, ಜೊತೆಗೆ ನನ್ನ ಬೆರಳು.

"ಏನಮ್ಮಾ ಇಸಕ್ಕಿ, ಇದೇನು ಹಬೇಲಿ ಪುಟ್ಟು ಬೇಯ್ಸೋ ಪಾತ್ರೆ ಅಂದ್ಕೊಂಡ್ಯಾ?" ಎಂದರು ಭಾಯ್. ಬೀದಿಯೆಲ್ಲ ನಕ್ಕಿತು. ಅದನ್ನು ಸಹಿಸಿದೆ. ಅವರು ನಿನಗೆ ಸ್ಪೀಕರ್ ಹಾಕಿ ಫೋನ್ ಮಾಡಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ, ನಿನಗದು ಗೊತ್ತಿಲ್ಲ. ನೀನಂದೆ: "ಚಿಕ್ಕ ಹುಡುಗಿ ಭಾಯ್, ಆತುರ ಜಾಸ್ತಿ. ಕೌಂಟರಲ್ಲಿ ಚಾರ್ಜರ್ ಮಾರೋಕೆ ಕೂರ್ಸಿ." ಹಸಿರು ತಂತಿಯ ಬಗ್ಗೆ ಒಂದೇ ಒಂದು ಮಾತು ನಿನ್ನ ಬಾಯಿಂದ ಬರಲಿಲ್ಲ. ಸುಟ್ಟ ಬೆರಳಲ್ಲಿ ಒಂದು ವಾರ ಚಾರ್ಜರ್ ಮಾರಿದೆ. ಆಮೇಲೆ ಬಿಟ್ಟುಬಂದೆ.

ಚಿಕ್ಕಮ್ಮನಿಗೆ ನಮಸ್ಕಾರ. ನಿನಗಿಲ್ಲ.

ಇಸಕ್ಕಿ

ಮರೆತಿದ್ದೆ: ನಾನೀಗ ಎದುರಿನ ದೇವಸಹಾಯಂ ಅಣ್ಣನ ಅಂಗಡಿಯಲ್ಲಿದ್ದೇನೆ, ಹಿಂದಿನ ಕೋಣೆಯ ರಿಪೇರಿ ಬೆಂಚಿನಲ್ಲೇ. ಭಾಯ್ ಆ ಸುಟ್ಟ ಪೆಟ್ಟಿಗೆಯನ್ನು ಇಲ್ಲಿಗೇ ಕಳಿಸಿದ್ದಾರೆ, ಯಾರ ಕೈಗೆ ಬಂದಿದೆ ಎಂದು ಅವರಿಗೆ ತಿಳಿಯದು. ಗುರುವಾರ ವಾಪಸ್ ಕೊಡಬೇಕು. ಕ್ಷಮೆ ಗಿಮೆ ಬೇಡ. ನಿನ್ನ ಬೋರ್ಡಿನ ನಕ್ಷೆ ಬರೆದು ಇವತ್ತೇ ಫೋಟೊ ಕಳಿಸು, ಮುಚ್ಚಳದ ಒಳಗೆ ನಾನೇ ಅಂಟಿಸುತ್ತೇನೆ. ಕೆಳಗೆ ನಿನ್ನ ಹೆಸರಿರಲಿ, ಭಾಯ್ ಕನ್ನಡಕವಿಲ್ಲದೆ ಓದುವಷ್ಟು ದೊಡ್ಡದಾಗಿ.