ಕೋವಿಯಿಲ್ಲದ ಕೈಲ್‌ಪೊಳ್ದ್

ಸೆಪ್ಟೆಂಬರ್ 3, ಬುಧವಾರ. ಬರ್ ದುಬೈ

ಡ್ರಿಲ್ ಜಾರಿ ಸ್ಕ್ರೂವಿನ ತೂತು ದೊಡ್ಡದಾಯಿತು. ಬೇಸಿಗೆಯಿಡೀ ಬಾಲ್ಕನಿಯಲ್ಲಿ ಬೆವರು ಸುರಿಸಿ ನನ್ನ ಪಿಸ್ತೂಲಿಗೆ ಬೀಟೆ ಮರದ ಹಿಡಿ ಕೆತ್ತಿದ್ದೆ. ಗುರಿಯಿಟ್ಟಾಗ ಕೈ ಅಲುಗದಂತೆ ಪ್ರತಿ ಬೆರಳಿಗೂ ಅದರದೇ ಹಳ್ಳ. ನೋಡಲು ಅಜ್ಜನ ಕೋವಿಯ ಹಾಗೆ ಕಪ್ಪಗೆ ಮಿನುಗಬೇಕೆಂಬ ಆಸೆ ಬೇರೆ. ಸಂಜೆ ಶೂಟಿಂಗ್ ಕ್ಲಬ್ಬಿಗೆ ಒಯ್ದು ಕೂರಿಸಿದರೆ ಲೊಡಲೊಡ ಅಲ್ಲಾಡುತ್ತದೆ. ಅಲ್ಲಿ ಬಂದೂಕು ರಿಪೇರಿ ಮಾಡುವ ರಿಯಾಜ್ ನಕ್ಕುಬಿಟ್ಟ. "ಖಲಾಸ್ ಭಾಯ್, ಫೆಂಕ್ ದೋ."

ಹಾಳಾಗಲು ಕೈಲ್‌ಪೊಳ್ದ್ ಹಬ್ಬದ ದಿನವೇ ಬೇಕಿತ್ತೆ? ಊರಲ್ಲಿ ಇಷ್ಟು ಹೊತ್ತಿಗೆ ಕೋವಿಗಳನ್ನೆಲ್ಲ ಒರೆಸಿ, ಸಾಲಾಗಿಟ್ಟು ಪೂಜೆ ಮುಗಿಸಿರುತ್ತಾರೆ. ನನ್ನ ಪಿಸ್ತೂಲು ಕ್ಲಬ್ಬಿನ ಲಾಕರ್ ಬಿಟ್ಟು ಬರುವಂತಿಲ್ಲ. ದೇವರ ಮುಂದೆ ಬರೀ ಹಿಡಿಯನ್ನೇ ಇಟ್ಟು ದೀಪ ಹಚ್ಚಿದೆ.

ಮಗಳು ದೇಚು ಬಂದು ನೋಡಿದಳು. "ಪಪ್ಪಾ, ಗನ್ ಎಲ್ಲಿ?"

"ಕ್ಲಬ್ಬಲ್ಲಿದೆ ಕುಂಞಿ."

"ದೆನ್ ಫ್ಲವರ್ ಎಲ್ಲಿ ಇಡೋದು?"

ಪೂಜೆಯ ದಿನ ಕೋವಿಯ ನಳಿಗೆಗೆ ತೋಕ್‌ಪೂ ಸಿಕ್ಕಿಸುತ್ತಾರೆಂದು ಹೇಳಿಕೊಟ್ಟವನು ನಾನೇ. ಆ ಹೂವು ಇಲ್ಲಿ ಸಿಗದೆಂದು ಕೆಂಪು, ಹಳದಿ ಕಾಗದದಲ್ಲಿ ಮಾಡಿಕೊಂಡು ಕಾಯುತ್ತಿದ್ದಳು. ಅವಳೇ ಹಿಡಿಯನ್ನು ಅತ್ತಿತ್ತ ತಿರುಗಿಸಿ, ನಾನು ಕೆಡಿಸಿದ ತೂತಿಗೆ ಹೂವಿನ ದಂಟು ತೂರಿಸಿದಳು. ಒಂದಿಷ್ಟೂ ಅಲ್ಲಾಡಲಿಲ್ಲ.

ಹೊಸ ಮರಕ್ಕೆ ಮತ್ತೆ ಅಲ್ ಕೂಜ್‌ಗೆ ಹೋಗಬೇಕು, ಮತ್ತೆ ಕೆತ್ತಬೇಕು. ನೆನೆದರೇ ಬೆರಳು ನೋಯುತ್ತದೆ. ರಿಯಾಜ್ ಹೇಳಿದಂತೆ ಇದನ್ನು ಎಸೆಯೋಣವೆಂದರೆ ಅದಕ್ಕೂ ದಾರಿಯಿಲ್ಲ. ಪೂಜೆ ಆಗಿಬಿಟ್ಟಿದೆ.